ಹೆಸರು ಕೇಳಿದ ಹುಡುಗಿ

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮೊನ್ನೆ ಮಂಡ್ಯದ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ ಪಕ್ಕದ ಹಾಸಿಗೆಯ ಹೆಂಗಸಿನ ಮೇಲೆ ರೇಗಾಡಿಬಿಟ್ಟೆ. ಪಾಪ, ಅವಳು ನನಗೇನೂ ಮಾಡಿರಲಿಲ್ಲ. ಆಪರೇಷನ್ನಿಗೆ ಮುಂಚೆ ಕಣ್ಣಿಗೆ ಹನಿ ಹಾಕಲು ಒಬ್ಬ ನರ್ಸ್ ಹುಡುಗಿ ಬಂದಿದ್ದಳು. ಇನ್ನೂ ಓದುತ್ತಿರುವವಳು. "ಅಮ್ಮಾ, ನಿಮ್ಮ ಹೆಸರು ಹೇಳಿ" ಅಂದಳು. ಅಷ್ಟಕ್ಕೇ ಈಕೆ ಮುಖ ಗಂಟು ಹಾಕಿಕೊಂಡು, "ಬೆಳಿಗ್ಗೆಯಿಂದ ಎಷ್ಟು ಸತಿ ಕೇಳೀಯೇ? ಆಗ್ಲೇ ಯೋಳ್ನಿಲ್ವಾ? ಆಕೋದಾದ್ರೆ ಆಕು, ಇಲ್ದಿದ್ರೆ ಬುಡು" ಅಂದಳು.

ಎಲ್ಲಿತ್ತೋ ಸಿಟ್ಟು, ಎದ್ದು ಕೂತೆ. "ಯೋಳಮ್ಮ! ನೂರು ಸತಿ ಕೇಳಿದ್ರೂ ಯೋಳು! ಆ ಮಾತು ಕೇಳಿದ್ದಕ್ಕೆ ಒಬ್ಬಳ ಅನ್ನಕ್ಕೆ ಕಲ್ಲು ಆಕವ್ರೆ, ಗೊತ್ತಾ ನಿಂಗೆ?" ಎಂದು ವಾರ್ಡೆಲ್ಲ ಕೇಳುವ ಹಾಗೆ ಕೂಗಿದೆ. ನರ್ಸ್ ಹುಡುಗಿ ಹೆದರಿ, "ಅಜ್ಜಿ, ಮಲಗಿ, ಬಿ.ಪಿ. ಏರುತ್ತೆ" ಅಂದಳು. ಏರಲಿ. ಇಷ್ಟು ವರ್ಷ ಏರಿಯೇ ಇದೆಯಲ್ಲ. ನೆಲ ಒರೆಸಿದ ಫಿನಾಯಿಲ್ ವಾಸನೆ ಮೂಗಿಗೆ ಹತ್ತುತ್ತಿತ್ತು. ಕಣ್ಣು ಮುಚ್ಚಿದರೆ ಅದೇ ಊರಿನ ಇನ್ನೊಂದು ವಾರ್ಡು, ಯುದ್ಧದ ಕಾಲದ ಒಂದು ಚಳಿಜ್ವರದ ಹಂಗಾಮು.

ಆಗ ಮಂಡ್ಯ ಜಿಲ್ಲೆಯಾಗಿ ಬಹಳ ವರ್ಷವಾಗಿರಲಿಲ್ಲ. ನಾಲೆ ನೀರು ಬಂದು ಹೊಲಗಳೆಲ್ಲ ಗದ್ದೆಯಾಗಿದ್ದವು, ಕಬ್ಬು ಆಳೆತ್ತರ ನಿಂತಿತ್ತು, ಮುದ್ದೆ ಉಣ್ಣುತ್ತಿದ್ದ ಮನೆಗಳಲ್ಲಿ ಅನ್ನ ಬೇಯುತ್ತಿತ್ತು. ಜೊತೆಗೆ ಸೊಳ್ಳೆಯೂ ಬಂದಿತ್ತು. ಮಳೆಗಾಲ ಹಿಂದೆ ಸರಿದು ಬೆಳಗಿನ ಹೊತ್ತು ಇಬ್ಬನಿ ಇಳಿಯಲು ಶುರುವಾದರೆ ಸಾಕು, ಎತ್ತಿನ ಗಾಡಿಗಳು ಆಸ್ಪತ್ರೆಯ ಬಾಗಿಲಿಗೆ ಸಾಲುಗಟ್ಟುತ್ತಿದ್ದವು. ಒಂದೊಂದು ಗಾಡಿಯಲ್ಲೂ ಕಂಬಳಿ ಹೊದ್ದು ಗಡಗಡ ನಡುಗುವವರು. ಮಂಚ ಸಾಲದೆ ನೆಲದ ಮೇಲೆ ಚಾಪೆ, ಚಾಪೆ ಸಾಲದೆ ವರಾಂಡದಲ್ಲಿ ಗೋಣಿತಾಟು. ಯುದ್ಧದ ದೆಸೆಯಿಂದ ಕ್ವಿನೈನ್ ಸಿಗುವುದೇ ಕಷ್ಟವಾಗಿತ್ತು. ಒಂದು ತೊಟ್ಟು ಚೆಲ್ಲಿದರೂ ಕಾಂಪೌಂಡರು ಮನೆಯ ಗಂಟು ಹೋದವರಂತೆ ಅರಚುತ್ತಿದ್ದರು.

ಆ ಆಸ್ಪತ್ರೆಯಲ್ಲಿ ನಾವಿಬ್ಬರು ನರ್ಸ್ ಕೆಲಸ ಕಲಿಯುವ ಹುಡುಗಿಯರು. ನಾನು ಕೊತ್ತತ್ತಿಯವಳು, ಪುಟ್ಟತಾಯಿ. ನಮ್ಮಪ್ಪ ಹೂಂ ಅಂದರೂ ದೊಡ್ಡಪ್ಪ, "ಕಂಡೋರ ಉಚ್ಚೆ ಬಾಚಾಕೆ ಗೌಡ್ರ ಮನೆ ಎಣ್ಣೇ ಬೇಕಾಗಿತ್ತಾ?" ಎಂದು ಜಗಲಿ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಬೈದಿದ್ದ. ಇನ್ನೊಬ್ಬಳು ಜುಬೇದಾ. ಮದ್ದೂರಿನವಳು. ಅವಳಪ್ಪನದು ಪೇಟೆಯಲ್ಲಿ ಗ್ಯಾಸ್‌ಲೈಟು, ಸ್ಟೋವು ರಿಪೇರಿ ಮಾಡುವ ಅಂಗಡಿ. ಹೆಣ್ಣುಮಗಳನ್ನು ಆಸ್ಪತ್ರೆ ಕೆಲಸಕ್ಕೆ ಬಿಟ್ಟನಲ್ಲ ಎಂದು ಮನೆಯ ಹಿರಿಯರೆಲ್ಲ ಅವನ ಮೇಲೆ ಬಿದ್ದಾಗ ಆತ ಒಂದು ಮಾತು ಕೊಟ್ಟಿದ್ದನಂತೆ: ಮಗಳ ಮೇಲೆ ಒಂದೇ ಒಂದು ದೂರು ಬಂದರೂ ಅವತ್ತೇ ಮನೆಗೆ ಕರೆತರುತ್ತೇನೆ, ಮತ್ತೆ ಕಳಿಸುವುದಿಲ್ಲ. ಜುಬೇದಾ ಬಂದ ದಿನವೇ ನನಗೆ ಇದನ್ನು ಹೇಳಿದ್ದಳು. ಹೇಳಿ ನಕ್ಕಿದ್ದಳು. "ದೂರು ಬರೋ ಹಂಗೆ ನಾನ್ಯಾಕೆ ಕೆಲ್ಸ ಮಾಡ್ಲಿ ಬುಡೇ" ಅಂದಿದ್ದಳು.

ಮಾಡಲೂ ಇಲ್ಲ. ಅವಳ ಕೈ ನೋಡಬೇಕಿತ್ತು. ಮಗ್ಗುಲು ಬದಲಿಸಲಾಗದವರನ್ನು ನೋವಾಗದಂತೆ ಹೊರಳಿಸಿ, ಬೆನ್ನಿಗೆ ಸ್ಪಿರಿಟ್ ಸವರಿ, ಪೌಡರ್ ಹಚ್ಚುತ್ತಿದ್ದಳು. ಅವಳು ನೋಡಿಕೊಂಡ ರೋಗಿಗಳಿಗೆ ಬೆನ್ನುಹುಣ್ಣು ಆದದ್ದು ನಾನು ಕಾಣೆ. ಗಂಜಿ ಕುಡಿಸುವಾಗ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು, ಒಂದು ಗುಟುಕು ಇಳಿದ ಮೇಲೇ ಇನ್ನೊಂದು ಚಮಚ. ನನ್ನ ಹಾಗೆ ಅವಸರವಿಲ್ಲ. ಅವಳದು ಇನ್ನೊಂದು ಅಭ್ಯಾಸವಿತ್ತು. ಯಾರಿಗೇ ಔಷಧ ಕೊಡಲಿ, ಗ್ಲಾಸು ಬಾಯಿಗೆ ಹಿಡಿಯುವ ಮುಂಚೆ "ನಿನ್ನ ಹೆಸರೇನವ್ವಾ?" ಎಂದು ಕೇಳುತ್ತಿದ್ದಳು.

ನಮ್ಮ ಕಡೆ ಹೆಂಗಸರು ಹಾಗೆ ಕೇಳಿದರೆ ಹೆಸರು ಹೇಳುತ್ತಾರೆಯೇ? ದುದ್ದದೋಳು ಅನ್ನುವರು, ಮಳವಳ್ಳಿ ಕಡೆಯೋಳು ಅನ್ನುವರು, ಹನುಮನ ಅವ್ವ ಅನ್ನುವರು. ಇವಳು ಬಿಡುತ್ತಿರಲಿಲ್ಲ. "ಅದು ನಿನ್ನೂರು, ಅದು ನಿನ್ನ ಮಗನ ಹೆಸರು. ನಿಂದು ಯಾವ್ದು ಯೋಳು" ಎಂದು ಗ್ಲಾಸು ಹಿಡಿದುಕೊಂಡೇ ನಿಲ್ಲುತ್ತಿದ್ದಳು. ಅವರು ನಾಚಿ, ಸೆರಗಿನಲ್ಲಿ ಬಾಯಿ ಮುಚ್ಚಿ, ಹೇಳುತ್ತಿದ್ದರು. ಎಷ್ಟೋ ವರ್ಷ ಯಾರೂ ಕರೆಯದಿದ್ದ ಹೆಸರುಗಳು. ನಾನು ಒಂದು ದಿನ, "ಮಂಚಕ್ಕೆ ನಂಬರ್ ಐತಲ್ಲೇ, ನಿಂಗ್ಯಾಕೆ ಈ ಉಸಾಬರಿ?" ಅಂದೆ. "ಜ್ವರ ಬಂದಿರೋದು ಮಂಚಕ್ಕಲ್ಲ ಕಣೇ" ಅಂದಳು.

ಹೆಡ್ ಸಿಸ್ಟರಿಗೆ ಇದು ಸುತರಾಂ ಆಗುತ್ತಿರಲಿಲ್ಲ. ಮೈಸೂರಿನಿಂದ ಬಂದವರು, ವಯಸ್ಸಾದವರು, ಕಾಲಿನಲ್ಲಿ ಬಾವು ಇಟ್ಟುಕೊಂಡೇ ಓಡಾಡುತ್ತಿದ್ದರು. ಅವರ ಪದ್ಧತಿಯಲ್ಲಿ ಎಲ್ಲ ನಂಬರು. ಮಂಚದ ತಲೆಯ ಕಡೆ ತಗಡಿನ ಬಿಲ್ಲೆಯಲ್ಲಿ ನಂಬರು. ಔಷಧದ ಮರದ ತಟ್ಟೆಯಲ್ಲಿ ಗ್ಲಾಸು ಕೂರುವ ಗುಳಿಗಳು, ಒಂದೊಂದು ಗುಳಿಯ ಕೆಳಗೂ ಅದೇ ನಂಬರು. ಬಿಲ್ಲೆ ನೋಡು, ಗ್ಲಾಸು ಎತ್ತು, ಕುಡಿಸು, ಮುಂದೆ ಹೋಗು. "ನೀನು ಎಲ್ಲರ ಕುಲಗೋತ್ರ ವಿಚಾರಿಸಿಕೊಂಡು ಬರೋ ಹೊತ್ತಿಗೆ ಡಾಕ್ಟರು ರೌಂಡ್ಸ್ ಮುಗಿಸಿ ಊಟಕ್ಕೆ ಹೋಗಿರ್ತಾರೆ" ಎಂದು ದಿನವೂ ಬೈಗುಳ. ಜುಬೇದಾ "ಆಯ್ತು ಸಿಸ್ಟರ್" ಅನ್ನುವಳು. ಮರುದಿನ ಮತ್ತೆ ಕೇಳುವಳು.

ಹಂಗಾಮು ಏರಿದ್ದ ಹೊತ್ತಿನಲ್ಲಿ ಏಳನೇ ಮಂಚದ ಮುದುಕಿಯೊಬ್ಬಳು ತೀರಿಕೊಂಡಳು. ಆ ಮಂಚವನ್ನು ಫಿನಾಯಿಲಿನಲ್ಲಿ ತೊಳೆದು, ಹೊಸ ಹಚ್ಚಡ ಹಾಸಿ, ಅವತ್ತೇ ಮಧ್ಯಾಹ್ನ ಚಳಿಜ್ವರದ ಒಬ್ಬ ಹೆಂಗಸನ್ನು ಮಲಗಿಸಿದರು. ನಾಲೆಯ ಕಡೆಯ ಒಂದು ಊರಿನ ಪಟೇಲರ ಸೊಸೆ. ಸತ್ತವರು ಮಲಗಿದ್ದ ಮಂಚದ ಮೇಲೆ ಮಲಗಬಾರದು ಎನ್ನುವುದು ನಮ್ಮವರ ಎದೆಯಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಬಡವರು ಚಳಿಯಲ್ಲಿ ನಡುಗುತ್ತ ನೆಲದ ಮೇಲೇ ಬಿದ್ದುಕೊಳ್ಳುತ್ತಿದ್ದರು, ಅಂಥ ಮಂಚ ಹತ್ತುತ್ತಿರಲಿಲ್ಲ. ಪಟೇಲರ ಮನೆಯವರು ನೆಲದ ಮೇಲೆ ಮಲಗಿಸುತ್ತಾರೆಯೇ? ಸಂಜೆ ನೋಡಲು ಬಂದ ನೆಂಟರ ಗದ್ದಲದಲ್ಲಿ, ನಾವಿಬ್ಬರೂ ಕೆಲಸ ಮುಗಿಸಿ ಹೋದ ಮೇಲೆ, ಪಟೇಲರ ಹೆಂಡತಿ ಆಳುಗಳ ಕೈಲಿ ಸೊಸೆಯನ್ನು ಎತ್ತಿಸಿ ಕಿಟಕಿ ಪಕ್ಕದ ಮೂರನೇ ಮಂಚಕ್ಕೆ ಹಾಕಿಸಿದಳು. ಮೂರನೇ ಮಂಚದಲ್ಲಿದ್ದವಳನ್ನು ತಂದು ಏಳನೆಯದರ ಮೇಲೆ ಬಿಸಾಕಿದರು.

ಹಾಗೆ ಬಿಸಾಕಿಸಿಕೊಂಡವಳು ಸಣ್ಣಮ್ಮ. ದುದ್ದದ ಕಡೆಯಿಂದ ಕಬ್ಬಿನ ಗದ್ದೆಯ ಕೂಲಿಗೆ ಬಂದಿದ್ದವಳು. ಅವಳಿಗೆ ರಕ್ತಭೇದಿ. ಮಾತೂ ಆಡಲಾಗದಷ್ಟು ಬಸವಳಿದಿದ್ದಳು. ಗಂಡ ಗದ್ದೆ ಬಿಟ್ಟು ಬರಲಾಗದವನು, ಪಕ್ಕದಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಅವಳನ್ನು ಆರಿಸಿದ್ದು ಎನ್ನುವುದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಕೇಳುವವರು ಇಲ್ಲದವಳನ್ನು ಹುಡುಕಿ ಎತ್ತಿದ್ದರು.

ಮಂಚ ಬದಲಾಯಿತು. ತಗಡಿನ ಬಿಲ್ಲೆ ಎಲ್ಲಿತ್ತೋ ಅಲ್ಲೇ ಉಳಿಯಿತು.

ಚಳಿಜ್ವರದವರಿಗೆ ಕ್ವಿನೈನ್ ಶುರು ಮಾಡುವ ಮುಂಚೆ ಭೇದಿ ಉಪ್ಪಿನ ನೀರು ಕುಡಿಸಿ ಹೊಟ್ಟೆ ತೊಳೆಸುವುದು ಆಗಿನ ರೂಢಿ. ಪಟೇಲರ ಸೊಸೆಗೆ ಡಾಕ್ಟರು ಅದನ್ನೇ ಹೇಳಿದ್ದರು, ಗ್ಲಾಸಿನ ತುಂಬ. ಸಣ್ಣಮ್ಮನಿಗೆ ಭೇದಿ ಕಟ್ಟುವ ಔಷಧ. ಅವಳಿಗೆ ಹೊಟ್ಟೆ ಸಡಿಲಿಸುವಂಥ ಯಾವುದನ್ನೂ ಸೋಕಿಸಕೂಡದೆಂದು ಅದೇ ಡಾಕ್ಟರು ತಾಕೀತು ಮಾಡಿದ್ದರು. ಮರುದಿನ ಬೆಳಿಗ್ಗೆ ಮರದ ತಟ್ಟೆಯಲ್ಲಿ ಮೂರನೇ ಗುಳಿಯಲ್ಲಿ ಕಟ್ಟುವ ಔಷಧ, ಏಳನೇ ಗುಳಿಯಲ್ಲಿ ಉಪ್ಪಿನ ನೀರು ಕೂತಿದ್ದವು. ಜುಬೇದಾ ಬಾಗಿಲ ಕಡೆಯಿಂದ ಶುರು ಮಾಡಿದಳು. ಆ ಸಾಲಿನಲ್ಲಿ ಮೊದಲು ಸಿಗುವುದು ಏಳನೇ ಮಂಚ.

ನಾನು ಎದುರು ಸಾಲಿನಲ್ಲಿ ಹಚ್ಚಡ ಬದಲಿಸುತ್ತಿದ್ದೆ. "ನಿನ್ನ ಹೆಸರೇನವ್ವಾ?" ಎನ್ನುವುದು ಕೇಳಿಸಿತು. ಉತ್ತರವಿಲ್ಲ. ಜುಬೇದಾ ಬಗ್ಗಿ, ಮುಖದ ಮೇಲಿನ ಕಂಬಳಿ ಸರಿಸಿದಳು. ತಾನೇ ಬಟ್ಟೆ ಬದಲಿಸಿ, ಮೈ ಒರೆಸಿ, ದಿನಗಟ್ಟಲೆ ನೋಡಿಕೊಂಡವಳ ಗುರುತು ಅವಳಿಗೆ ಸಿಗದೆ ಇರುತ್ತದೆಯೇ? ತಟ್ಟನೆ ನೆಟ್ಟಗಾದಳು. "ಸಿಸ್ಟರ್, ಇವಳು ಅವಳಲ್ಲ" ಅಂದಳು.

ಹೊರಗೆ ಡಾಕ್ಟರ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಹೆಡ್ ಸಿಸ್ಟರು ಕುಂಟುತ್ತ ಬಂದರು. "ಶುರು ಮಾಡಿದೆಯಾ ನಿನ್ನ ಹೆಸರಿನ ಪುರಾಣ? ಏಳು ಅಂತ ಬಿಲ್ಲೆ ಇದೆಯೋ ಇಲ್ಲವೋ?"

"ಬಿಲ್ಲೆ ಇದೆ ಸಿಸ್ಟರ್. ಆದ್ರೆ ಇವಳು ಸಣ್ಣಮ್ಮ, ಇವಳಿಗೆ..."

"ಮುಚ್ಚು ಬಾಯಿ." ಗ್ಲಾಸು ಕಿತ್ತುಕೊಂಡರು. ಎಡಗೈಯಲ್ಲಿ ತಲೆ ಎತ್ತಿ ಬಲಗೈಯಲ್ಲಿ ಸುರಿದರು. ವರ್ಷಗಳಿಂದ ಪಳಗಿದ ಕೈ. ಸಣ್ಣಮ್ಮ ಎರಡು ಗುಟುಕು ನುಂಗಿದಳೋ ಇಲ್ಲವೋ, ಜುಬೇದಾ ಹೆಡ್ ಸಿಸ್ಟರ ಮುಂಗೈಯನ್ನು ಗಬಕ್ಕನೆ ಹಿಡಿದಳು. ಹಿಡಿದು ಎಳೆದಳು. ಗ್ಲಾಸು ಹಾರಿ ನೆಲಕ್ಕೆ ಬಿದ್ದು ಚೂರಾಯಿತು, ಉಪ್ಪಿನ ನೀರೆಲ್ಲ ಹಚ್ಚಡದ ಪಾಲಾಯಿತು. ಆ ಹೊತ್ತಿಗೆ ಸರಿಯಾಗಿ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಅವರ ಕಣ್ಣಿಗೆ ಬಿದ್ದದ್ದು ಒಂದೇ. ಕೆಲಸ ಕಲಿಯಲು ಬಂದ ಹುಡುಗಿ ಹೆಡ್ ಸಿಸ್ಟರ ಕೈ ಹಿಡಿದು ಎಳೆಯುತ್ತಿದ್ದಾಳೆ.

ಆ ಎರಡು ಗುಟುಕೇ ಸಣ್ಣಮ್ಮನನ್ನು ಹಿಂಡಿಹಾಕಿದವು. ಹೊತ್ತೇರುವುದರೊಳಗೆ ಕಣ್ಣು ಗುಳಿಬಿದ್ದವು, ಕೈಕಾಲು ತಣ್ಣಗಾದವು, ನಾಡಿ ಬೆರಳಿಗೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಡಾಕ್ಟರು ತೊಡೆಗೆ ಸೂಜಿ ಚುಚ್ಚಿ ಸಲೈನ್ ಏರಿಸಿದರು. ನಾವಿಬ್ಬರೂ ಅವಳನ್ನು ಬಿಟ್ಟು ಕದಲಲಿಲ್ಲ. ಅಂಗಾಲಿಗೆ ಬಿಸಿನೀರಿನ ಬಾಟಲಿ ಇಟ್ಟೆವು. ಬಾರ್ಲಿ ನೀರಿಗೆ ಉಪ್ಪು ಸಕ್ಕರೆ ಹಾಕಿ ತುಟಿಯ ಕೊನೆಯಿಂದ ಚಮಚ ಚಮಚವಾಗಿ ಬಿಟ್ಟೆವು. ಒದ್ದೆಯಾದಾಗಲೆಲ್ಲ ಬಟ್ಟೆ ಬದಲಿಸಿದೆವು. ಜುಬೇದಾ ಪ್ರತಿ ಚಮಚಕ್ಕೂ, "ನುಂಗು ಸಣ್ಣಮ್ಮ, ಇನ್ನೊಂದು ಸಣ್ಣಮ್ಮ" ಅನ್ನುತ್ತಲೇ ಇದ್ದಳು. ದೀಪ ಹಚ್ಚುವ ಹೊತ್ತಿಗೆ ನಾಡಿ ಗಟ್ಟಿಯಾಯಿತು. ಸಣ್ಣಮ್ಮ ಕಣ್ಣು ಬಿಟ್ಟು, "ನೀರು" ಅಂದಳು. ಪೂರ್ತಿ ಗ್ಲಾಸು ಹೊಟ್ಟೆಗಿಳಿದಿದ್ದರೆ ಏನಾಗುತ್ತಿತ್ತು ಎಂದು ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ.

ಮಂಚ ಬದಲಾದ ಕತೆ ನನಗೆ ತಿಳಿದದ್ದು ಎಂಟನೇ ಮಂಚದ ಅಜ್ಜಿಯಿಂದ. "ನೆನ್ನೆ ಸಂಜೆ ಪಟೇಲ್ರ ಎಂಡ್ರು ಎತ್ತಾಕ್ಸುದ್ರು ಕಣವ್ವ, ನಾವೆಲ್ಲ ನೋಡ್ತಾನೇ ಇದ್ದೋ" ಎಂದು ಕಿವಿಯಲ್ಲಿ ಉಸುರಿದಳು. ನಾನು ನೆಟ್ಟಗೆ ಡಾಕ್ಟರ ಕೋಣೆಗೆ ನಡೆದೆ. ಅಲ್ಲಿ ಆಗಲೇ ವಿಚಾರಣೆ ನಡೆದಿತ್ತು. ಹೆಡ್ ಸಿಸ್ಟರು ಕುರ್ಚಿಯಲ್ಲಿ, ಜುಬೇದಾ ಗೋಡೆಗೆ ಒತ್ತಿ ನಿಂತು.

"ಕೈ ಹಿಡಿದೆಯೋ ಇಲ್ಲವೋ?" ಡಾಕ್ಟರು ಕೇಳುತ್ತಿದ್ದರು.

"ಹಿಡಿದೆ ಸಾರ್. ಅವಳು ಸಣ್ಣಮ್ಮ ಸಾರ್."

ನಾನು ಕರೆಯದೆಯೇ ಒಳಗೆ ನುಗ್ಗಿ ಎಲ್ಲವನ್ನೂ ಹೇಳಿದೆ. ಸತ್ತವರ ಮಂಚ, ಪಟೇಲರ ಹೆಂಡತಿ, ಆಳುಗಳು, ಬಿಲ್ಲೆ. ಡಾಕ್ಟರು ಎದ್ದು ವಾರ್ಡಿಗೆ ಬಂದು ಎಂಟನೇ ಮಂಚದ ಅಜ್ಜಿಯನ್ನು ಕೇಳಿದರು. ಪಟೇಲರ ಹೆಂಡತಿ ಅಲ್ಲೇ ಕಿಟಕಿ ಪಕ್ಕ ಕೂತು ಸೊಸೆಗೆ ಕಿತ್ತಳೆ ಸುಲಿಯುತ್ತಿದ್ದಳು. ಅಜ್ಜಿ ಅತ್ತ ಒಂದು ಸಲ ನೋಡಿ, "ನಂಗೆ ಕಣ್ಣೇ ಸರ್ಯಾಗಿ ಕಾಣಾಕಿಲ್ಲ ಬುದ್ದಿ" ಅಂದಳು. ಇಡೀ ವಾರ್ಡಿಗೆ ಕಣ್ಣು ಹೋಗಿತ್ತು. ಅವರನ್ನೂ ಪೂರ್ತಿ ಬೈಯಲಾರೆ. ವಾಸಿಯಾದ ಮೇಲೆ ಅದೇ ಊರುಗಳಿಗೆ, ಅದೇ ಗದ್ದೆಗಳಿಗೆ ಹೋಗಬೇಕಾದವರು.

ಕೋಣೆಗೆ ವಾಪಸ್ಸು ಬಂದು ಡಾಕ್ಟರು ಬಾಗಿಲು ಹಾಕಿದರು. ಅವರಿಗೆ ನನ್ನ ಮಾತು ನಿಜವೆಂದು ಗೊತ್ತಾಗಿತ್ತು. ಅದನ್ನು ನಾನು ಅವರ ಮುಖದಲ್ಲಿ ಕಂಡೆ. ಆದರೂ ಅಂದರು, "ದೊಡ್ಡ ಮನೆಯವರ ಹೆಸರು ಎಳೆಯಬೇಡ. ಈಗ ಏನಾಗಿಹೋಯಿತು? ಆ ಹೆಂಗಸು ಬದುಕಿದ್ದಾಳೆ ತಾನೇ?"

"ಬದುಕಿರೋದು ಇವಳು ಕೈ ಹಿಡಿದಿದ್ದಕ್ಕೆ ಸಾರ್!"

"ಯಾರೂ ಸತ್ತಿಲ್ಲ. ಇಲ್ಲಿ ಕೆಟ್ಟಿರೋದು ಶಿಸ್ತು ಒಂದೇ. ನೀನಿನ್ನು ಹೋಗು."

ಯಾರೂ ಸತ್ತಿಲ್ಲ! ಸತ್ತಿದ್ದರೆ ಕಾಗದಪತ್ರವಾಗುತ್ತಿತ್ತು, ಮೇಲಿನವರು ಬರುತ್ತಿದ್ದರು, ಮಂಚ ಬದಲಿಸಿದವರು ಯಾರೆಂದು ಕೇಳಲೇಬೇಕಾಗುತ್ತಿತ್ತು. ಸಾಯಲು ಬಿಡಲಿಲ್ಲವಲ್ಲ, ಅದೇ ಇವಳ ಅಪರಾಧವಾಯಿತು. ಎಲ್ಲರೂ ಸೇರಿ ನೀಟಾಗಿ ತಿಪ್ಪೆ ಸಾರಿಸಿದರು. ಮುಂದೆ ನಾನೂ ಹೆಡ್ ಸಿಸ್ಟರಾಗಿ, ಕಾಲು ಬಾತುಕೊಂಡು, ಮೂವರು ಮಾಡುವ ಕೆಲಸ ಒಬ್ಬಳೇ ಮಾಡಿದ್ದೇನೆ. ಆ ಸುಸ್ತು ಏನೆಂದು ಬಲ್ಲೆ. ಅವಸರದಲ್ಲಿ ಗ್ಲಾಸು ಕಿತ್ತುಕೊಂಡದ್ದನ್ನು ಬೇಕಾದರೆ ಕ್ಷಮಿಸಿಯೇನು. ಆದರೆ ಆ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು, ತುಟಿ ಎರಡು ಮಾಡದೆ, ಆ ಹುಡುಗಿಯ ಮೇಲೆ ಎಲ್ಲ ಬೀಳುವುದನ್ನು ನೋಡಿದರಲ್ಲ, ಅದನ್ನು ನನ್ನ ಕೈಲಿ ಕ್ಷಮಿಸಲು ಆಗುವುದಿಲ್ಲ.

ಮದ್ದೂರಿಗೆ ದೂರು ಹೋಯಿತು. ಜುಬೇದಾಳ ಅಪ್ಪ ರೈಲಿನಲ್ಲಿ ಬಂದು ಗೇಟಿನ ಹೊರಗೇ ನಿಂತ. ಬೆರಳ ಸಂದಿಯಲ್ಲೆಲ್ಲ ಸೀಮೆಎಣ್ಣೆ ಮಸಿ, ತಲೆಯ ಮೇಲೆ ತೊಳೆದ ಬಿಳಿ ಟೋಪಿ. ಅವಳ ಟ್ರಂಕು ಹಿಡಿದು ನಾನೂ ಗೇಟಿನವರೆಗೆ ಹೋದೆ.

"ತೆಪ್ಪು ಮಾಡಿದ್ಯಾ ಮಗಾ?" ಅಂದ.

"ಇಲ್ಲ ಅಬ್ಬಾ."

"ಮತ್ಯಾಕೆ ಕಳಿಸ್ತಾವ್ರೆ?"

ನಾನು ಗಂಟಲು ಹರಿದುಕೊಂಡು ಹೇಳಿದೆ. ಆತ ಕೊನೆತನಕ ಕೇಳಿದ. ಕೇಳಿ, "ನೀ ಯೋಳೋದು ದಿಟಾನೇ ಇರ್ಬೋದು ಕಣವ್ವ. ಆದ್ರೆ ನಾನು ಮಾತು ಕೊಟ್ಟಿವ್ನಿ" ಎಂದು ಟ್ರಂಕು ಹೆಗಲಿಗೇರಿಸಿದ. ಜುಬೇದಾ ಹೋಗುತ್ತ ನನ್ನ ಕೈ ಅಮುಕಿ, "ಸಣ್ಣಮ್ಮನಿಗೆ ಬಾರ್ಲಿ ನೀರು ಮರೀಬ್ಯಾಡ ಕಣೇ" ಅಂದಳು. ಅಷ್ಟೇ. ಅಳಲೂ ಇಲ್ಲ. ಅತ್ತದ್ದು ನಾನು, ಸಿಟ್ಟಿಗೆ.

ನನ್ನ ಮೇಲೂ ಕ್ರಮ ಆಗುತ್ತದೆಂದು ಕಾದೆ. ಕೋಣೆಗೆ ನುಗ್ಗಿದ್ದೆ, ಎದುರು ಮಾತಾಡಿದ್ದೆ. ಏನೂ ಆಗಲಿಲ್ಲ. ಬಂದವನು ದೊಡ್ಡಪ್ಪ. "ಪಟೇಲ್ರು ನಮ್ಮೋರು ಕಣವ್ವ, ನಾಳೆ ಬೀಗ್ರು ಆಗೋರು. ನಾನು ಡಾಕ್ಟ್ರುಗೆ ಯೋಳಿವ್ನಿ, ನಿನ್ನ ತಂಟೆಗೆ ಬರಾಕಿಲ್ಲ. ತೆಪ್ಪಗೆ ಇರು" ಅಂದ. ಮಾರನೇ ದಿನದಿಂದ ಔಷಧದ ತಟ್ಟೆ ನನ್ನ ಕೈಗೆ ಬಂತು. ಹಟಕ್ಕೆ ಬಿದ್ದು ಒಂದೊಂದು ಮಂಚದ ಮುಂದೆಯೂ ನಿಂತು, ವಾರ್ಡಿಗೆಲ್ಲ ಕೇಳುವಂತೆ, "ನಿನ್ನ ಹೆಸರೇನವ್ವಾ?" ಎಂದು ಕೇಳಿದೆ. ಹೆಡ್ ಸಿಸ್ಟರು ಕೇಳಿಸಿಕೊಂಡರು. ಒಂದು ಮಾತು ಅನ್ನಲಿಲ್ಲ. ಅದೇ ವಾರ್ಡು, ಅದೇ ತಟ್ಟೆ, ಅದೇ ಪ್ರಶ್ನೆ. ಕೇಳಿದವಳು ಗೌಡರ ಮನೆಯ ಹುಡುಗಿ, ಅಷ್ಟೇ ವ್ಯತ್ಯಾಸ. ಇಷ್ಟು ವರ್ಷವಾದರೂ ಆರದೆ ಉಳಿದಿರುವ ಉರಿ ಇದು.

ಸಣ್ಣಮ್ಮ ಮನೆಗೆ ಹೋಗುವ ದಿನ ಗಂಡ ಗಾಡಿ ತಂದಿದ್ದ. ಗಾಡಿ ಹತ್ತುವ ಮುಂಚೆ ಅವಳು ಸುತ್ತ ಹುಡುಕಿದಳು. "ನಂಗೆ ನೀರು ಕುಡಿಸ್ತಿದ್ಲಲ್ಲ, ಆ ಉಡ್ಗಿ ಎಲ್ಲವ್ವ? ಅವ್ಳು ನನ್ನ ಎಸ್ರು ಕೇಳಿ ಕೇಳಿ ಕರೀತಿದ್ಲು. ಅವ್ಳ ಎಸ್ರು ನಾನು ಕೇಳ್ಲೇ ಇಲ್ವಲ್ಲ" ಅಂದಳು. ಜುಬೇದಾ ಎಂದು ಹೇಳಿದೆ. ತುಟಿಯಲ್ಲೇ ಎರಡು ಸಲ ಹೇಳಿಕೊಂಡು ಗಾಡಿ ಹತ್ತಿದಳು.

ಸ್ವಾತಂತ್ರ್ಯ ಬಂದ ವರ್ಷ ನಾನು ಮಳವಳ್ಳಿಯ ಆಸ್ಪತ್ರೆಯಲ್ಲಿದ್ದೆ. ಮದ್ದೂರಿಗೆ ಹೋಗಿದ್ದಾಗ ಜುಬೇದಾಳ ಮನೆ ಹುಡುಕಿಕೊಂಡು ಹೋದೆ. ಸೈಕಲ್ ರಿಪೇರಿಯವನ ಹೆಂಡತಿಯಾಗಿದ್ದಳು. ಮಡಿಲಲ್ಲಿ ಜ್ವರ ಬಂದ ಮಗು, ಕೈಯಲ್ಲಿ ಔಷಧದ ಚಮಚ. ನನ್ನನ್ನು ಕಂಡು ಮುಖವೆಲ್ಲ ಅರಳಿತು. ಆದರೆ ಚಮಚ ಕೆಳಗಿಡಲಿಲ್ಲ. "ನಿನ್ನ ಹೆಸರೇನಪ್ಪಾ?" ಎಂದು ಮಗುವನ್ನು ಕೇಳಿದಳು. ಅದು "ಕರೀಮು" ಅಂತು. "ಬಾಯಿ ಬುಡು." ಅದು ಆಟವೆಂದುಕೊಂಡು ನಗುತ್ತ ಬಾಯಿ ತೆರೆಯಿತು.

"ಈಗ ನಂದು ಇದೊಂದೇ ವಾರ್ಡು ಕಣೇ" ಎಂದು ಅವಳೂ ನಕ್ಕಳು. ನನಗೆ ನಗು ಬರಲಿಲ್ಲ.

ಇದನ್ನೆಲ್ಲ ಮೆಲುಕು ಹಾಕುತ್ತ ಮಲಗಿದ್ದಾಗ ಆ ನರ್ಸ್ ಹುಡುಗಿ ಮತ್ತೆ ಹನಿಯ ಸೀಸೆ ಹಿಡಿದು ಬಂದಳು. ಪಕ್ಕದ ಹಾಸಿಗೆಯವಳು ಈ ಸಲ ನನ್ನ ಕಡೆ ಓರೆಗಣ್ಣಿನಲ್ಲಿ ನೋಡುತ್ತ, ಕೇಳುವ ಮುಂಚೆಯೇ ತನ್ನ ಹೆಸರು, ಗಂಡನ ಹೆಸರು, ಊರು ಎಲ್ಲವನ್ನೂ ಒದರಿದಳು. ಹುಡುಗಿ ನಗು ತಡೆದುಕೊಂಡು ನನ್ನ ಹತ್ತಿರ ಬಂದಳು.

"ನಿಂಗೆ ಇದನ್ನ ಹೇಳ್ಕೊಟ್ಟೋರು ಯಾರು ಮಗಾ, ಹೆಸರು ಕೇಳೋದನ್ನ?" ಅಂದೆ.

"ಅದು ಮೊದಲನೇ ಪಾಠ ಅಜ್ಜಿ. ಹೆಸರು ಕೇಳ್ದೆ ಔಷಧ ಕೊಟ್ರೆ ನಮ್ಮನ್ನ ಕಾಲೇಜಿಂದ ಮನೆಗೆ ಕಳಿಸ್ಬಿಡ್ತಾರೆ" ಅಂದಳು. ಆಮೇಲೆ ರೂಢಿಯಂತೆ, "ನಿಮ್ಮ ಹೆಸರು ಹೇಳಿ" ಅಂದಳು.

ಹೇಳಿದೆ.